ಕಾರ್ಡಿನ ಯಜಮಾನಿ

ಕಾಗಿನೆಲೆ
9 ಫೆಬ್ರವರಿ 2026, ಸೋಮವಾರ

ಪ್ರೀತಿಯ ಶಾಹೀನ್,

ನಿನ್ನ ಪತ್ರ ದೀಪಾವಳಿಯ ಹೊತ್ತಿಗೇ ಬಂದು ಮುಟ್ಟಿತ್ತು. ಅದನ್ನು ಜೋಳದ ಡಬ್ಬಿಯ ಮೇಲಿಟ್ಟು, ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಅನ್ನುತ್ತ ಸಂಕ್ರಾಂತಿಯನ್ನೂ ದಾಟಿಸಿಬಿಟ್ಟೆ. ಬೈಯುವುದಿದ್ದರೆ ಪತ್ರದಲ್ಲೇ ಬೈ. ಫೋನಿನಲ್ಲಿ ಬೈದರೆ ಮನೆಮಂದಿಗೆಲ್ಲ ಕೇಳಿಸುತ್ತದೆ. ನಮ್ಮಲ್ಲಿರುವುದು ಒಂದೇ ಫೋನು, ಅದೂ ಕಿವಿಗೆ ಹಚ್ಚಿದರೆ ಏನೂ ಕೇಳುವುದಿಲ್ಲ, ಸ್ಪೀಕರಿನಲ್ಲೇ ಮಾತಾಡಬೇಕು. ಮೇಲಾಗಿ ‘ವಾಸ್ಕೋದಾಗ ಕನ್ನಡ ಓದಾಕ ಏನೂ ಸಿಗೂದಿಲ್ಲ, ನೀನರ ಬರಿ’ ಅಂದವಳು ನೀನೇ.

ಇಲ್ಲಿ ನಾವು ಮೂರೂ ಜನ ಉಂಡು ತಿಂದು ಚೆನ್ನಾಗಿದ್ದೇವೆ. ನಮ್ಮವರು ಈಗ ದಿನಾ ಬ್ಯಾಡಗಿಗೆ ಹಮಾಲಿಗೆ ಹೋಗುತ್ತಾರೆ. ಮೆಣಸಿನಕಾಯಿ ಬರುವ ಕಾಲವಲ್ಲವೆ, ಮಾರ್ಕೆಟ್ಟು ನಡೆಯುವ ಸೋಮವಾರ ಗುರುವಾರ ಹಮಾಲರಿಗೆ ತಲೆ ಎತ್ತಲೂ ಪುರಸೊತ್ತಿಲ್ಲ. ಕಾವ್ಯಾ ಹಾವೇರಿಯಲ್ಲಿ ಪಿಯುಸಿ ಮೊದಲ ವರ್ಷ. ಬೆಳಿಗ್ಗೆ ಏಳರ ಬಸ್ಸಿಗೆ ಜಡೆ ಹೆಣೆದುಕೊಳ್ಳುತ್ತಲೇ ಓಡುತ್ತಾಳೆ. ಎಲ್ಲ ನಿನ್ನ ಹಾಗೆಯೇ. ಶಾಲೆಯ ಪ್ರಾರ್ಥನೆಗೆ ನೀನು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಬಂದದ್ದು ನನಗೆ ನೆನಪಿಲ್ಲ. ನಿಮ್ಮಮ್ಮ ಜುಬೇದಾ ಚಾಚಿ ಹೋದ ವಾರ ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ‘ಮಗಳಿಗೆ ಹೇಳು, ರಂಜಾನಿಗೆ ಬರದಿದ್ರ ನಾನೇ ರೈಲು ಹತ್ತಿ ಬರ್ತೀನಿ’ ಅಂದರು. ಹೇಳಿದ್ದೇನೆ, ಮುಂದಿನದು ನಿನಗೆ ಬಿಟ್ಟದ್ದು.

ನೀನು ಕೇಳಿದ್ದೆ: ‘ಆ ತಿಂಗಳಿಗೆ ಎರಡು ಸಾವಿರ ನಿನಗೂ ಬರ್ತೈತೇನ? ಬಂದದ್ದು ಏನ ಮಾಡ್ತಿ?’ ಅಂತ. ಒಂದು ಸಾಲಿನಲ್ಲಿ ಹೇಳಬಹುದಿತ್ತು. ಆದರೆ ಒಂದು ಸಾಲಿನಲ್ಲಿ ಹೇಳಿದರೆ ನಮ್ಮತ್ತೆ ಅದರಲ್ಲಿ ಹಿಡಿಯುವುದಿಲ್ಲ. ಅವರು ಹೋದ ಸುದ್ದಿಯನ್ನು ನಿನಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸಿದ್ದೆ. ಅವರು ಹೇಗಿದ್ದರು ಅಂತ ಹೇಳಿದ್ದು ಕಡಿಮೆ. ಹೇಳಿದ್ದರೂ ಬರೀ ದೂರು ಹೇಳಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ, ಕೇಳು.

ಎರಡೂವರೆ ವರ್ಷದ ಹಿಂದೆ, ಗೃಹಲಕ್ಷ್ಮಿಗೆ ಹೆಸರು ಬರೆಸಲು ಪಂಚಾಯ್ತಿ ಮುಂದೆ ಹೆಂಗಸರ ಸಾಲು ನಿಂತಿತ್ತು. ನಾನೂ ಒಂದು ದಿನದ ಕೂಲಿ ಬಿಟ್ಟು, ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿದ್ದೆ. ಮಧ್ಯಾಹ್ನಕ್ಕೆ ನನ್ನ ಪಾಳಿ ಬಂತು. ಕಂಪ್ಯೂಟರಿನ ಮುಂದೆ ಕುಳಿತಿದ್ದಾತ ನಮ್ಮ ರೇಷನ್ ಕಾರ್ಡಿನ ನಂಬರು ಒತ್ತಿ ನನ್ನ ಮುಖ ನೋಡಿದ.

‘ಚೌಡವ್ವ ಅಂದ್ರ ನೀವ ಏನ್ರಿ?’

‘ಅಲ್ರಿ, ಅವರು ನಮ್ಮತ್ತಿ. ನಾನು ನಾಗಲಕ್ಷ್ಮಿ.’

‘ಕಾರ್ಡಿನ್ಯಾಗ ಯಜಮಾನಿ ಚೌಡವ್ವ ಅಂತ ಐತ್ರಿ. ಅವರ್ನ ಕರ್ಕೊಂಡ ಬರ್ರಿ. ಹಿಂದಿನವರು ಮುಂದ ಬರ್ರಿ.’

ಆ ಹೊತ್ತು ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಆ ಮನೆಗೆ ಬಂದು ಹದಿನಾಲ್ಕು ವರ್ಷ ಆಗಿತ್ತು. ನೀರು ತರುವವಳು ನಾನು, ರೊಟ್ಟಿ ಬಡಿಯುವವಳು ನಾನು, ಗೋವಿನಜೋಳಕ್ಕೆ ಗೊಬ್ಬರ ಹಾಕುವವಳು ನಾನು, ಸೀಜನ್ನಿನಲ್ಲಿ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವವಳೂ ನಾನು. ಯಜಮಾನಿ ಮಾತ್ರ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಬಾಯಲ್ಲಿ ಒಂದೂ ಹಲ್ಲಿಲ್ಲದ್ದಕ್ಕೆ ಎಲೆ ಅಡಿಕೆಯನ್ನು ಸಣ್ಣ ಒರಳಿನಲ್ಲಿ ಕುಟ್ಟಿಕೊಳ್ಳುವ ಮುದುಕಿ! ಮನೆಗೆ ಬಂದು ಚೀಲವನ್ನು ಮೂಲೆಗೆ ಬಿಸಾಡಿದೆ. ನಮ್ಮವರು, ‘ಯಾರ ಹೆಸರಿಗೆ ಬಂದ್ರ ಏನ? ಮನೀಗೆ ಬರ್ತೈತೆಲ್ಲ’ ಅಂದರು. ಅವರಿಗೆ ಹಾಗೆ ಅನ್ನುವುದು ಸುಲಭ.

ಮರುದಿನ ಅತ್ತೆಯನ್ನು ಕರೆದುಕೊಂಡು ಹೋದೆ. ಅಲ್ಲಿ ಇನ್ನೊಂದು ತಾಪತ್ರಯ. ಅವರ ಹೆಬ್ಬೆರಳನ್ನು ಆ ಸಣ್ಣ ಯಂತ್ರ ಒಪ್ಪಲಿಲ್ಲ. ತೊಳೆದು ಇಟ್ಟರು, ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಕೆಂಪು ದೀಪವೇ. ‘ಗೆರಿ ಎಲ್ಲಾ ಸವದ ಹೋಗ್ಯಾವ್ರಿ ಅಮ್ಮಾರ’ ಅಂದ ಆತ. ಅತ್ತೆ ತಮ್ಮ ಬೆರಳನ್ನು ತಾವೇ ಬೇರೆಯವರದ್ದೆಂಬಂತೆ ತಿರುಗಿಸಿ ನೋಡಿಕೊಂಡರು. ‘ಅರವತ್ತ ವರ್ಷ ಕಳೇವು ಕಿತ್ತೇನಪ, ಮೆಣಸಿನಕಾಯಿ ಮುರದೇನಿ. ಗೆರಿ ಅಲ್ಲೇ ಉಳದಿರಬೇಕು, ಹುಡುಕ್ಯಾಡ್ರಿ’ ಅಂದರು. ಸಾಲಿನ ಹೆಂಗಸರೆಲ್ಲ ನಕ್ಕರು. ಕಡೆಗೆ ಉಂಗುರದ ಬೆರಳು ನಡೆಯಿತು.

ಮೊದಲ ಹಣ ಬಂದ ದಿನ ಅತ್ತೆ ಬ್ಯಾಂಕಿನಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮವರು ಹೊಲದಿಂದ ಬಂದು ಕೈಕಾಲು ತೊಳೆದು, ಸಹಜವಾಗಿ ಕೈ ಚಾಚಿದರು. ಕೂಲಿಯ ಹಣ, ಹಾಲಿನ ಹಣ, ನಮ್ಮ ಮನೆಯಲ್ಲಿ ಯಾವ ಹಣವಾದರೂ ಅವರ ಕೈಗೇ ಹೋಗುವುದು. ಅತ್ತೆ ಆ ಕೈಯನ್ನು ನೋಡಿದರು.

‘ಮೈಲಾರಪ್ಪ, ನಿಮ್ಮಪ್ಪ ಇರೂತನ ಅವನ ಕೈ ನೋಡಿದೆ. ಅವ ಹ್ವಾದ ಮ್ಯಾಲ ನಿನ್ನ ಕೈ ನೋಡಿದೆ. ಎಲಿ ಅಡಿಕಿಗೆ ಹತ್ತ ರೂಪಾಯಿ ಬೇಕಾದ್ರೂ ನಿನ್ನ ಮಾರಿ ನೋಡಿ, ಸಿಟ್ಟನ್ಯಾಗ ಇಲ್ಲಂದ್ರ ಕೇಳತಿದ್ದೆ. ಇದು ನಂದು. ನನ್ನ ಹತ್ರನ ಇರ್ಲಿ.’

ನಮ್ಮವರು ಚಾಚಿದ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಒಳಗೆ ಹೋದರು. ನನಗೆ ಒಳಗೊಳಗೇ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ಆ ಮಾತು ನಾನು ಆಡಬೇಕಾಗಿತ್ತು ಅನಿಸಿತು.

ಆಮೇಲೆ ಶುರುವಾಯಿತು ನೋಡು ಅತ್ತೆಯ ತಿರುಗಾಟ. ಬಸ್ಸಿಗೆ ಹೆಂಗಸರಿಗೆ ದುಡ್ಡಿಲ್ಲ, ಕೈಯಲ್ಲಿ ಹಣ ಇದೆ. ಮೊದಲ ತಿಂಗಳು ಒಂದು ಜೊತೆ ಚಪ್ಪಲಿ ತಂದರು, ಕಾವ್ಯಾಳಿಗೆ ಜಿಲೇಬಿ ತಂದರು. ಬ್ಯಾಡಗಿಯಲ್ಲಿ ಕುಳಿತು ಮಂಡಕ್ಕಿ ತಿಂದು ಚಹಾ ಕುಡಿದು ಬಂದರು. ಎರಡನೇ ತಿಂಗಳು ಗ್ಯಾಸಿಗೆ ಹಣ ಕೇಳಿದೆ, ಕೊಟ್ಟರು. ಮೂರನೇ ತಿಂಗಳು ಕೇಳಿದೆ, ‘ಇಲ್ಲ’ ಅಂದರು. ‘ಎಲ್ಲಿ ಹೋತ್ರೀ?’ ಅಂದರೆ ‘ಖರ್ಚಾತು’ ಅಷ್ಟೇ. ಬರುಬರುತ್ತ ಹಣ ಬಂದ ಎರಡು ಮೂರು ದಿನಕ್ಕೆ ಬೆಳಿಗ್ಗೆ ಮಡಿ ಸೀರೆ ಉಟ್ಟು ಹೊರಟುಬಿಡುವರು. ಸಂಜೆ ದಣಿದು ಬಂದು ಬಾಯಿಗೆ ಸೆರಗು ಹಿಡಿದುಕೊಂಡೇ ಮಲಗುವರು. ಎಲ್ಲಿಗೆ ಅಂತ ಹೇಳಲಿಲ್ಲ. ನಮ್ಮವರಿಗೆ, ಅಗಡಿಯಲ್ಲಿರುವ ತಂಗಿ ಹೊನ್ನವ್ವನಿಗೆ ಅವ್ವ ಹಣ ಸಾಗಿಸುತ್ತಿದ್ದಾಳೆ ಅನ್ನುವ ಅನುಮಾನ. ಬಾಯಿ ಬಿಟ್ಟು ಅನ್ನಲಿಲ್ಲ, ಆದರೆ ದೀಪಾವಳಿಗೆ ಹೊನ್ನವ್ವ ಬಂದಾಗ ನೆಟ್ಟಗೆ ಮಾತಾಡಿಸಲಿಲ್ಲ. ಆ ಬಡಪಾಯಿಗೆ ಇದು ಯಾಕೆ ಅಂತ ತಿಳಿಯಲೂ ಇಲ್ಲ.

ಮುಂದಿನ ಫೆಬ್ರವರಿಯಲ್ಲಿ ಗುಟ್ಟು ಬಯಲಾಯಿತು. ಅವತ್ತು ಮಾರ್ಕೆಟ್ಟಿನಲ್ಲಿ ನನಗೆ ಕೆಮ್ಮು ಜಾಸ್ತಿಯಾಗಿ, ಪಕ್ಕದಲ್ಲಿ ತೊಟ್ಟು ಬಿಡಿಸುತ್ತಿದ್ದ ನಿಮ್ಮಮ್ಮನೇ ‘ನೀ ಮನೀಗೆ ಹೋಗವ್ವ’ ಅಂತ ಎಬ್ಬಿಸಿ ಕಳಿಸಿದ್ದರು. ಬಸ್‌ಸ್ಟ್ಯಾಂಡಿಗೆ ಬಂದೆ. ನೋಡುತ್ತೇನೆ, ಅತ್ತೆ ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದಾರೆ! ನಾನೂ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದಿನ ಬಾಗಿಲಿನಿಂದ ಹತ್ತಿದೆ. ಕಳ್ಳರ ಹಿಂದೆ ಬಿದ್ದ ಪೊಲೀಸಿನವಳ ಹಾಗೆ ಆಗಿತ್ತು ನನ್ನ ಸ್ಥಿತಿ. ಕೆಮ್ಮು ಬಂದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವೆ. ರಾಣೆಬೆನ್ನೂರಿನಲ್ಲಿ ಇಳಿದು, ಅತ್ತೆ ಯಾರನ್ನೂ ಕೇಳದೆ, ದಿನಾ ಹೋಗುವವರ ಹಾಗೆ ನಡೆದು ಒಂದು ಮೆಟ್ಟಿಲು ಹತ್ತಿದರು. ಮೇಲೆ ಹಲ್ಲಿನ ಡಾಕ್ಟರ ಬೋರ್ಡು.

ಗಾಜಿನ ಬಾಗಿಲಿನಿಂದ ಇಣುಕಿದೆ. ಅತ್ತೆ ದೊಡ್ಡ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದು ಮಲಗಿದ್ದಾರೆ. ಸಣ್ಣ ವಯಸ್ಸಿನ ಡಾಕ್ಟರಮ್ಮ ಗುಲಾಬಿ ಬಣ್ಣದ ಮೇಣದಂಥದ್ದನ್ನು ಅವರ ಬಾಯಲ್ಲಿಟ್ಟು ಅಳತೆ ತೆಗೆಯುತ್ತಿದ್ದಾರೆ. ನನ್ನನ್ನು ನೋಡಿ, ‘ಬರ್ರಿ ಒಳಗ, ನೀವು ಸೊಸಿ ಏನ್ರಿ? ನಿಮ್ಮ ಸುದ್ದಿ ಭಾಳ ಹೇಳ್ತಿರ್ತಾರ’ ಅಂದರು. ಅತ್ತೆಗೆ ಮಾತಾಡಲು ಬರುವಂತಿರಲಿಲ್ಲ. ಕಣ್ಣು ಮಾತ್ರ ತಿರುಗಿಸಿ ನನ್ನನ್ನು ನೋಡಿದರು.

ಪೂರ್ತಿ ಹಲ್ಲಿನ ಸೆಟ್ಟು. ಒಮ್ಮೆಗೆ ಕೊಡಲು ಆಗುವುದಿಲ್ಲ ಅಂತ ಅತ್ತೆ ಮೊದಲೇ ಹೇಳಿ, ತಿಂಗಳು ತಿಂಗಳು ಕೊಡುವ ಮಾತಾಗಿತ್ತಂತೆ. ‘ತಿಂಗಳಾ ಬರೋ ದುಡ್ಡೈತಿ ನಂದು’ ಅಂದರಂತೆ. ಡಾಕ್ಟರಮ್ಮ ಅದನ್ನು ಹೇಳಿ ನಕ್ಕರು. ನಾನು ನಗಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಊರಿಗೆ ಬಂದೆವು. ಮನೆಗೆ ಬಂದ ಮೇಲೆ ನನ್ನ ಬಾಯಿ ತಡೆಯಲಿಲ್ಲ. ಕಾವ್ಯಾ ಹರಿದ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದಳು. ನನ್ನ ಕೆಮ್ಮಿನ ಔಷಧ ಮುಗಿದು ವಾರವಾಗಿತ್ತು. ‘ಮಣ್ಣಾಗ ಹೋಗೋ ವಯಸ್ಸಿನ್ಯಾಗ ನಿಮಗ ಹಲ್ಲು ಯಾಕ ಬೇಕಾಗಿತ್ತ್ರಿ?’ ಅಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಅತ್ತೆ ಸಿಟ್ಟಾಗಲಿಲ್ಲ. ಚಪ್ಪಲಿ ಬಿಟ್ಟು, ಕಂಬಕ್ಕೆ ಒರಗಿ ಕುಳಿತರು. ‘ಕುಂದ್ರ ನಾಗವ್ವ’ ಅಂದರು. ‘ನೀ ಈ ಮನೀಗೆ ಬರೋದರಾಗ ನನ್ನ ಹಲ್ಲು ಹೋಗಿದ್ವು. ಹದಿನೈದ ವರ್ಷ ಆತು, ನೀ ರೊಟ್ಟಿ ಬಡೀತಿ, ನಾ ಸಾರಿನ್ಯಾಗ ಅದ್ದಿ ಮೆತ್ತಗ ಮಾಡಿ ನುಂಗತೇನಿ. ಊರ ಮಂದಿ ನಾಗವ್ವನ ರೊಟ್ಟಿ ಭಾಳ ಚಲೋ ಅಂತಾರ. ಇರಬಹುದು. ನಿನ್ನ ಕೈ ರೊಟ್ಟಿ ನಾ ಒಮ್ಮಿಯರ ಕಡದ ತಿಂದೇನೇನ?’

ನಾನು ಅಲ್ಲಿಂದ ಎದ್ದು ಹಿತ್ತಲಿಗೆ ಹೋದೆ. ಹದಿನೈದು ವರ್ಷ ಎರಡು ಹೊತ್ತು ತಟ್ಟೆ ಇಟ್ಟವಳು ನಾನು, ಶಾಹೀನ್. ಅವರು ಉಣ್ಣುವಾಗ ಮುಖ ಎತ್ತಿ ನೋಡಿರಲಿಲ್ಲ.

ಯುಗಾದಿಯ ಹೊತ್ತಿಗೆ ಹಲ್ಲು ಬಂದವು. ಒಂದು ವಾರ ಒಸಡು ನೋಯುತ್ತದೆ ಅಂತ ಗೊಣಗಿದರು, ಮಾತಾಡಿದರೆ ಸಿಳ್ಳೆ ಬರುತ್ತಿತ್ತು, ಕಾವ್ಯಾ ಬಿದ್ದು ಬಿದ್ದು ನಗುತ್ತಿದ್ದಳು. ಊರಿನ ಗಂಡಸರು ‘ಚೌಡವ್ವಗ ಮತ್ತ ಮದಿವಿ ಮಾಡ್ರಲೇ’ ಅಂತ ಚಾವಡಿಯಲ್ಲಿ ಆಡಿಕೊಂಡರು. ಅತ್ತೆ ಬೇಕೆಂದೇ ಆ ಚಾವಡಿಯ ಮುಂದೆ ಹುರಿದ ಶೇಂಗಾ ತಿನ್ನುತ್ತ ನಡೆದುಹೋದರು. ಮತ್ತೆ ಒಂದು ದಿನ ಒಲೆಯ ಮುಂದೆ ಬಂದು ಮಣೆ ಹಾಕಿಕೊಂಡು ಕುಳಿತು, ‘ಹಾಕು’ ಅಂದರು. ಹಂಚಿನ ಮೇಲಿಂದ ತೆಗೆದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರ ಬಡಿಸಿ, ರೂಢಿಯಂತೆ ಸಾರನ್ನೂ ಇಟ್ಟೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ಅವರ ಬಾಯನ್ನೇ ನೋಡುತ್ತ ಕುಳಿತೆ. ಅವರು ಸಾರು ಮುಟ್ಟಲಿಲ್ಲ. ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

‘ಹೆಂಗೈತ್ರಿ?’ ಅಂದೆ.

‘ಚಲೋ ಐತಿ’ ಅಂದರು. ಇನ್ನೊಂದು ತುತ್ತು ಅಗಿದು, ‘ಅಂಚು ಸ್ವಲ್ಪ ದಪ್ಪ ಆಗ್ತೈತಿ ನೋಡು ನಿಂದು’ ಅಂದರು.

ಹದಿನೈದು ವರ್ಷ ತಡವಾಗಿ ಬಂದ ಅತ್ತೆಯ ಆಕ್ಷೇಪಣೆ! ನಾವಿಬ್ಬರೂ ಒಲೆಯ ಮುಂದೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವತ್ತು ಮೂರು ರೊಟ್ಟಿ ತಿಂದರು.

ಹಲ್ಲಿನ ಹಣ ತೀರಿದ ಮೇಲಿನ ತಿಂಗಳುಗಳಲ್ಲಿ ಅವರು ಏನು ಮಾಡಿದರು ಅಂತ ಈಗ ಹೇಳಬೇಕು. ನನ್ನ ಕೆಮ್ಮು ಆ ಮಳೆಗಾಲದಲ್ಲೂ ಪೂರ್ತಿ ಹೋಗಿರಲಿಲ್ಲ. ಹಾವೇರಿ ದೊಡ್ಡ ದವಾಖಾನೆಗೆ ಅತ್ತೆಯೇ ಜೊತೆಗೆ ಬಂದರು. ಡಾಕ್ಟರು ಎದೆಯ ಫೋಟೋ ನೋಡಿ, ‘ಮೆಣಸಿನಕಾಯಿ ಘಾಟಿನ್ಯಾಗ ಎಷ್ಟ ವರ್ಷ ಕುಂತೀರಿ? ಔಷಧ ಕೊಡ್ತೇನಿ, ಆದ್ರ ಆ ಕೆಲಸ ಬಿಡದ ಇದು ಬಿಡೂದಿಲ್ರಿ’ ಅಂದರು. ಬಿಡುವುದು ಹೇಗೆ? ಜನವರಿಯಿಂದ ಏಪ್ರಿಲ್ ತನಕ ಬರುವ ಆ ಕೂಲಿಯೇ ನಮಗೆ ವರ್ಷದ ಬಟ್ಟೆ, ಬೀಜ, ಕಾವ್ಯಾಳ ಪುಸ್ತಕ. ನಾನು ಡಾಕ್ಟರ ಮಾತನ್ನು ಅಲ್ಲೇ ಬಿಟ್ಟು ಬಂದೆ. ಅತ್ತೆ ಬಿಟ್ಟು ಬಂದಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಮುಗಿದು ನಾನು ಮಾರ್ಕೆಟ್ಟಿಗೆ ಹೊರಡಲು ಬುತ್ತಿ ಕಟ್ಟುತ್ತಿದ್ದೆ. ಅತ್ತೆ ಬಂದು ಬುತ್ತಿಯ ಗಂಟನ್ನು ಬಿಚ್ಚಿದರು.

‘ಈ ಸರ್ತಿ ನೀ ಹೋಗೂದಿಲ್ಲ.’

ನಮ್ಮವರು ಅಂಗಿ ಹಾಕಿಕೊಳ್ಳುತ್ತಿದ್ದವರು ನಿಂತರು. ‘ಅವ್ವ, ನಾಕ ತಿಂಗಳ ಕೂಲಿ ಬಿಟ್ರ ಹೆಂಗಬೇ?’

‘ನಾ ಹಲ್ಲಿನ ದುಡ್ಡು ಮುಟ್ಟಿಸಿದಾಗಿಂದ ತಿಂಗಳಾ ಇಟ್ಟೇನಿ. ಇನ್ನ ಮುಂದೂ ಬರ್ತೈತಿ. ಅಕಿ ಕೂಲಿಯಷ್ಟು ಆಗೂದಿಲ್ಲ, ಗೊತ್ತೈತಿ. ಕಡಿಮಿ ಉಣ್ಣೂನು. ಅಕಿ ಉಸರಾಡ್ಲಿ.’

‘ಮಂದಿ ಎಲ್ಲಾ ಹೋಗ್ತಾರಬೇ...’

‘ಮೈಲಾರಪ್ಪ, ಈ ಮನೀ ಯಜಮಾನಿ ಯಾರಂತ ಕಾರ್ಡಿನ್ಯಾಗ ಬರದಾರ. ನನಗ ಓದಾಕ ಬರೂದಿಲ್ಲ. ನೀ ಸಾಲಿ ಕಲ್ತೀದಿ, ಓದು.’

ನಮ್ಮವರಿಗೆ ನಗು ಬಂತು. ನಗು ಬಂದ ಮೇಲೆ ಗಂಡಸರು ಜಗಳ ಮಾಡುವುದು ಕಷ್ಟ. ‘ಆತಬೇ ಯಜಮಾನಿ’ ಅಂದು ಬುತ್ತಿ ತಾವೇ ತೆಗೆದುಕೊಂಡು ಹೋದರು. ಯಾವ ಮಾತು ಕೇಳಿ ಒಂದು ದಿನ ಪಂಚಾಯ್ತಿಯ ಮುಂದೆ ನನ್ನ ಹೊಟ್ಟೆ ಉರಿದಿತ್ತೋ, ಅದೇ ಮಾತು ನನ್ನನ್ನು ಮನೆಯಲ್ಲಿ ಕೂರಿಸಿತು.

(ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಎಮ್ಮೆ ಒದರುತ್ತಿತ್ತು. ಈಗ ಮಂಗಳವಾರ ಬೆಳಿಗ್ಗೆ ಮುಂದುವರಿಸುತ್ತಿದ್ದೇನೆ.)

ಆ ನಾಲ್ಕು ತಿಂಗಳಿನಂಥ ದಿನಗಳು ನನ್ನ ಜೀವನದಲ್ಲಿ ಇರಲಿಲ್ಲ ನೋಡು. ಮೊದಲ ಒಂದು ವಾರ ಏನು ಮಾಡಬೇಕೆಂದು ತಿಳಿಯಲಿಲ್ಲ. ಸುಮ್ಮನೆ ಕುಳಿತರೂ ಬೆರಳು ತಾವೇ ತೊಟ್ಟು ಮುರಿಯುವ ಹಾಗೆ ಆಡುತ್ತಿದ್ದವು. ಆಮೇಲೆ ನಿದ್ದೆ ಬರತೊಡಗಿತು. ಮಧ್ಯಾಹ್ನದ ನಿದ್ದೆ! ಮಾರ್ಚಿನ ಹೊತ್ತಿಗೆ ಕೆಮ್ಮು ಇಳಿದು, ಬಾವಿಯಿಂದ ಎರಡು ಕೊಡ ತಂದರೂ ಏದುಸಿರು ಬರಲಿಲ್ಲ. ಹಣದ ಬಿಗಿ ಇತ್ತು. ಎರಡು ತಿಂಗಳು ಆ ಎರಡು ಸಾವಿರವೂ ಬರದೆ ತಡವಾಗಿ, ಅತ್ತೆ ದಿನಾ ‘ಮೊಬೈಲ್ ನೋಡು, ಬಂತೇನ’ ಅನ್ನುತ್ತಿದ್ದರು. ಯುಗಾದಿಗೆ ಯಾರಿಗೂ ಹೊಸ ಬಟ್ಟೆ ಇಲ್ಲ. ಸಾರಿಗೆ ಬೇಳೆ ಕಡಿಮೆ, ನೀರು ಜಾಸ್ತಿ. ಆದರೂ ಆ ದಿನಗಳನ್ನು ನೆನೆದರೆ ನನಗೆ ಬಡತನ ನೆನಪಾಗುವುದಿಲ್ಲ. ಕಾವ್ಯಾ ಹತ್ತನೇ ಪರೀಕ್ಷೆಗೆ ಓದುತ್ತಿದ್ದಳು. ನಾನು ಅವಳ ಪುಸ್ತಕ ಹಿಡಿದು ಪ್ರಶ್ನೆ ಕೇಳುವೆ, ಅವಳು ಉತ್ತರ ಹೇಳುವಳು, ಅತ್ತೆ ಮಧ್ಯೆ ಬಾಯಿ ಹಾಕಿ ‘ತಪ್ಪು’ ಅನ್ನುವರು, ಏನೂ ಗೊತ್ತಿಲ್ಲದಿದ್ದರೂ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ನಾನೂ ಬರೆಯತೊಡಗಿದೆ. ಹೋದ ಪತ್ರದಲ್ಲಿ ‘ಅಕ್ಷರ ಭಾಳ ದುಂಡಗ ಆಗ್ಯಾವು’ ಅಂದಿದ್ದೆಯಲ್ಲ, ಅದಕ್ಕೆ ಕಾರಣ ಆ ನಾಲ್ಕು ತಿಂಗಳು.

ಮಧ್ಯಾಹ್ನ ಅತ್ತೆ ತಮ್ಮ ಕಥೆ ಹೇಳುತ್ತಿದ್ದರು. ಏಳು ವರ್ಷದವರಿದ್ದಾಗಲೇ ತೊಟ್ಟು ಮುರಿಯಲು ಕುಳಿತದ್ದು, ಉರಿಯುವ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿ ಮಲಗಿದ್ದು, ಮದುವೆಯಾಗಿ ಬಂದಾಗ ಅವರ ಅತ್ತೆ ಜೋಳದ ಡಬ್ಬಿಗೆ ಬೀಗ ಹಾಕುತ್ತಿದ್ದದ್ದು. ‘ನಿನಗ ನಾ ಬೀಗ ಹಾಕಲಿಲ್ಲ, ಅಷ್ಟ ಪುಣ್ಯಾ ಮಾಡೇನಿ’ ಅನ್ನುವರು. ನಿಜ. ಅವರು ಬೀಗ ಹಾಕಿರಲಿಲ್ಲ. ಅವರ ಬಳಿ ಬೀಗ ಹಾಕುವಂಥದ್ದು ಏನೂ ಇರಲಿಲ್ಲ ಅಂತಲೇ ನಾನು ತಿಳಿದಿದ್ದೆ.

ಕಾವ್ಯಾ ಹತ್ತನೇ ಪಾಸಾದಳು. ಹಾವೇರಿ ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನ ಅತ್ತೆಯೂ ಬಂದಿದ್ದರು. ಫೀ ಕೌಂಟರಿನಲ್ಲಿ ತಮ್ಮ ಕೈಯಿಂದಲೇ ಹಣ ಕೊಡುತ್ತೇನೆ ಅಂತ ಹಟ. ಕೊಟ್ಟು, ರಶೀದಿ ಇಸಿದುಕೊಂಡು, ತಿರುವುಮುರುವಾಗಿ ಹಿಡಿದು ಓದುವವರಂತೆ ನೋಡಿದರು.

ಗಣಪತಿ ಕಳಿಸಿದ ಮೂರನೇ ದಿನ ಅವರು ಹೋದರು. ಜ್ವರವಿಲ್ಲ, ನೋವಿಲ್ಲ. ಉಂಡು, ‘ಸ್ವಲ್ಪ ಅಡ್ಡಾಕ್ಕೇನಿ’ ಅಂತ ಪಡಸಾಲೆಯಲ್ಲಿ ಮಲಗಿದ್ದರು. ನಮ್ಮವರು ಹೊಲದಲ್ಲಿ, ಕಾವ್ಯಾ ಕಾಲೇಜಿನಲ್ಲಿ. ಚಹಾಕ್ಕೆ ಎಬ್ಬಿಸಲು ಹೋದವಳು ನಾನೇ. ಕರೆದೆ, ಏಳಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಮುಖದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಅಂಥ ಸಾವು ಎಲ್ಲರಿಗೂ ಬರುವುದಿಲ್ಲ ಅಂತ ಊರವರೆಲ್ಲ ಅಂದರು. ನಮ್ಮವರು ಹೊನ್ನವ್ವನ ಕೈ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಅವಳ ಮೇಲೆ ಪಟ್ಟ ಅನುಮಾನವನ್ನು ಅವತ್ತು ತಾವಾಗಿಯೇ ಬಾಯಿ ಬಿಟ್ಟು ಹೇಳಿದರು. ಈಗ ಅಣ್ಣ ತಂಗಿ ಚೆನ್ನಾಗಿದ್ದಾರೆ.

ಅವರು ಹೋದ ಮೇಲೆ ಹಣ ನಿಂತಿತು. ಕಾರ್ಡಿನಲ್ಲಿ ಹೆಸರು ಬದಲಾಗಬೇಕು, ಮರಣದ ದಾಖಲೆ ಬೇಕು, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಬ್ಯಾಡಗಿಯ ಆಫೀಸಿಗೆ ನಾನು ಎಷ್ಟು ಸಲ ಹೋದೆನೋ, ಅಲ್ಲಿನ ಜವಾನನಿಗೆ ನನ್ನ ಹೆಸರು ಬಾಯಿಪಾಠವಾಗಿದೆ. ಕಡೆಗೊಂದು ದಿನ ಗುಮಾಸ್ತೆ ಕೇಳಿದಳು:

‘ಇನ್ನ ಮುಂದ ಯಜಮಾನಿ ಯಾರ್ರಿ?’

‘ನಾನ್ರಿ’ ಅಂದೆ. ಎಷ್ಟು ಸಣ್ಣಗೆ ಅಂದೆನೆಂದರೆ ಅವಳು, ‘ಯಾರು?’ ಅಂತ ಮತ್ತೆ ಕೇಳಿದಳು.

ನಿನ್ನೆ ಬೆಳಿಗ್ಗೆ ಫೋನಿಗೆ ಮೆಸೇಜು ಬಂತು. ನನ್ನ ಹೆಸರಿಗೆ ಮೊದಲ ಎರಡು ಸಾವಿರ. ನಮ್ಮವರು ಓದಿ, ‘ಅವ್ವನ ದುಡ್ಡು ಬಂತ ನೋಡು’ ಅಂದರು. ಅವರಿಗೆ ಅದು ಇನ್ನೂ ಅವ್ವನ ದುಡ್ಡೇ. ಬ್ಯಾಂಕಿಗೆ ಹೋಗಿ ತೆಗೆದುಕೊಂಡು ಬಂದೆ. ಸಂಜೆ ಅವರು ಬಂದು ಕೈಕಾಲು ತೊಳೆದರು, ಚಹಾ ಕುಡಿದರು, ಕೈ ಚಾಚಲಿಲ್ಲ. ‘ಈ ಸೀಜನ್ನಿಗೂ ನೀ ಮಾರ್ಕೆಟ್ಟಿಗೆ ಬರೂದು ಬ್ಯಾಡ’ ಅಂತ ಅವರೇ ಅಂದರು. ಸೀಜನ್ನು ಶುರುವಾಗಿದ್ದರೂ ಆಫೀಸು ಸುತ್ತುವ ನೆಪದಲ್ಲಿ ನಾನು ಇನ್ನೂ ಹೋಗಿರಲಿಲ್ಲ. ಹೇಗೆ ಕೇಳಲಿ ಅಂತ ಯೋಚಿಸುತ್ತಿದ್ದ ಮಾತು ಅದು. ಹೀಗೆ ಕಡಿಮೆಯಲ್ಲೇ ನಡೆಯುತ್ತದೆ, ಶಾಹೀನ್, ಆದರೆ ನಡೆಯುತ್ತದೆ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟು: ಆ ಹಣದಿಂದ ನಾವು ಶ್ರೀಮಂತರಾಗಿಲ್ಲ. ಒಬ್ಬರು ರೊಟ್ಟಿ ಕಡಿದು ತಿಂದರು, ಒಬ್ಬಳು ಕೆಮ್ಮದೆ ಮಲಗುತ್ತಾಳೆ, ಒಬ್ಬಳು ಏಳರ ಬಸ್ಸು ಹಿಡಿಯುತ್ತಾಳೆ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಮಗಳು ಹುಮಾ ಈಗ ಏಳನೇ ಇಯತ್ತೆ ಅಲ್ಲವೆ? ನನ್ನ ಕೈಯನ್ನು ಅವಳ ತಲೆಯ ಮೇಲಿಟ್ಟೆ ಅಂತ ತಿಳಿ. ಅವಳು ಓದಲಿ, ಹೊಟ್ಟೆ ತುಂಬ ಉಣ್ಣಲಿ, ಯಾರ ಮುಖವನ್ನೂ ನೋಡಿ ಹತ್ತು ರೂಪಾಯಿ ಕೇಳುವ ದಿನ ಅವಳಿಗೆ ಬಾರದಿರಲಿ. ರಂಜಾನಿಗೆ ಬಾ. ಚಾಚಿಯನ್ನು ರೈಲು ಹತ್ತಿಸಬೇಡ.

ಸದಾ ನಿನ್ನವಳೇ ಆದ
ನಾಗಿ

ತಾ. ಕ.: ಪತ್ರವನ್ನು ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. 

ಆ ಮಧ್ಯಾಹ್ನ ಅತ್ತೆಯ ಮೂಗಿನ ಹತ್ತಿರ ಕೈ ಹಿಡಿದೆ ಅಂತ ಬರೆದಿದ್ದೇನೆ. ಉಸಿರು ತಾಗಲಿಲ್ಲ. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ‘ಅತ್ತೆ ಹೋದರು’ ಅಂತ ಅಲ್ಲ. ‘ಇನ್ನು ಕಾರ್ಡು ನನ್ನ ಹೆಸರಿಗೆ ಆಗುತ್ತದೆ’ ಅಂತ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಅಷ್ಟೇ. ಅಳು ಅದರ ಹಿಂದೆಯೇ ಬಂತು. ಆದರೆ ಮೊದಲು ಬಂದದ್ದು ಅದು. ಅವರ ಮೈ ಇನ್ನೂ ಬೆಚ್ಚಗಿತ್ತು.

ಮಣ್ಣು ಮಾಡಿ ಬಂದಾಗ ಊರ ಹೆಂಗಸರು, ‘ಹೊಟ್ಟಿಲೆ ಹುಟ್ಟಿದಾಕಿನೂ ಹಿಂಗ ಅಳಲಿಲ್ಲ, ಸೊಸಿ ಅಂದ್ರ ಇಂಥಾಕಿ ಇರಬೇಕು’ ಅಂದರು. ಹೊನ್ನವ್ವ ನನ್ನನ್ನು ತಬ್ಬಿಕೊಂಡು ಸಮಾಧಾನ ಮಾಡಿದಳು. ನಾನು ಏತಕ್ಕೆ ಅಳುತ್ತಿದ್ದೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ನಮ್ಮವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ನೀನು ಇದಕ್ಕೆ ಸಮಾಧಾನ ಬರೆಯಬೇಡ. ಎಲ್ಲರಿಗೂ ಹಾಗೇ ಆಗುತ್ತದೆ ಅಂತಲೂ ಬರೆಯಬೇಡ. ಓದಿದೆ ಅಂತ ಒಂದು ಸಾಲು ಬರೆ, ಸಾಕು.